ಅಪ್ಪನ ಮೂರು ತಿಂಗಳು

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಲ್ಯಾತ್ರಪ್ ಎಂಬ ಊರಿದೆ. 1977ರಲ್ಲಿ ಅಲ್ಲಿನ ಆಕ್ಸಿಡೆಂಟಲ್ ಕೆಮಿಕಲ್ ಕಾರ್ಖಾನೆಯ ಕೆಲಸಗಾರರು ತಮ್ಮತಮ್ಮಲ್ಲೇ ಒಂದು ವಿಷಯ ಮಾತಾಡಿಕೊಳ್ಳತೊಡಗಿದ್ದರು. ಕೀಟನಾಶಕ ತಯಾರಿಸುವ ವಿಭಾಗದಲ್ಲಿದ್ದ ಹಲವರಿಗೆ ಮಕ್ಕಳಾಗುತ್ತಿರಲಿಲ್ಲ. ಯಾರಿಗೂ ಜ್ವರವಿಲ್ಲ, ನೋವಿಲ್ಲ, ದಾಂಪತ್ಯದಲ್ಲಿ ಯಾವ ಕೊರತೆಯೂ ಇಲ್ಲ. ಗಟ್ಟಿಮುಟ್ಟಾದ ಗಂಡಸರು. ಅವರ ಒತ್ತಾಯದ ಮೇಲೆ ವೀರ್ಯ ಪರೀಕ್ಷೆ ನಡೆಯಿತು. ಡೊನಾಲ್ಡ್ ವೋರ್ಟನ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು ಅದೇ ವರ್ಷ ಪ್ರಕಟಿಸಿದ ವರದಿ ಇಂದಿಗೂ ಓದಿದವರ ಎದೆ ನಡುಗಿಸುವಂಥದ್ದು. ಒಂದು ಮಿಲಿಲೀಟರ್ ವೀರ್ಯದಲ್ಲಿ 10 ಲಕ್ಷಕ್ಕಿಂತ ಕಡಿಮೆ ವೀರ್ಯಾಣು ಇದ್ದವರು 11 ಮಂದಿ. ಅವರೆಲ್ಲರೂ ಕನಿಷ್ಠ ಮೂರು ವರ್ಷ ಆ ರಾಸಾಯನಿಕದ ನಡುವೆ ದುಡಿದವರು. 4 ಕೋಟಿಗಿಂತ ಹೆಚ್ಚು ಇದ್ದವರೂ 11 ಮಂದಿ. ಅವರಲ್ಲಿ ಒಬ್ಬರೂ ಮೂರು ತಿಂಗಳಿಗಿಂತ ಹೆಚ್ಚು ಕಾಲ ಅದನ್ನು ಮುಟ್ಟಿದವರಲ್ಲ.

ಆ ರಾಸಾಯನಿಕದ ಹೆಸರು ಡೈಬ್ರೋಮೋಕ್ಲೋರೋಪ್ರೊಪೇನ್, ಚಿಕ್ಕದಾಗಿ ಡಿಬಿಸಿಪಿ. ಬಾಳೆ, ಅನಾನಸ್, ದ್ರಾಕ್ಷಿ, ಪೀಚ್ ಗಿಡಗಳ ಬೇರು ತಿನ್ನುವ ಜಂತುಹುಳುಗಳನ್ನು ಕೊಲ್ಲಲು ಅದನ್ನು ಮಣ್ಣಿಗೆ ಸೇರಿಸುತ್ತಿದ್ದರು. ಇದು ಗಂಡಿನ ವೃಷಣವನ್ನು ಹಾಳುಮಾಡುತ್ತದೆಂಬುದು 1977ರ ಹೊಸ ಸುದ್ದಿಯೇ ಆಗಿರಲಿಲ್ಲ. ತಯಾರಕ ಕಂಪನಿಗಳಾದ ಡೌ ಮತ್ತು ಶೆಲ್‌ಗಾಗಿ ನಡೆದ ಪ್ರಾಣಿ ಪರೀಕ್ಷೆಗಳಲ್ಲಿ ಇಲಿಗಳ ವೃಷಣ ಕುಗ್ಗಿದ್ದು ಕಂಡಿತ್ತು, ಅದು 1961ರಲ್ಲಿ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚೂ ಆಗಿತ್ತು. ಹದಿನಾರು ವರ್ಷ ಆ ಪುಟ ಕಪಾಟಿನಲ್ಲಿತ್ತು, ಡಿಬಿಸಿಪಿ ಮಾರುಕಟ್ಟೆಯಲ್ಲಿತ್ತು. ಸುದ್ದಿ ಹೊರಬಿದ್ದ ಮೇಲೂ ಅಮೆರಿಕದ ಪೀಚ್ ಬೆಳೆಗಾರರ ಸಂಘದ ಪದಾಧಿಕಾರಿಯೊಬ್ಬರು ಸರ್ಕಾರಕ್ಕೆ ಪತ್ರ ಬರೆದು, ಮಕ್ಕಳು ಬೇಡವೆನ್ನುವ ವಯಸ್ಸಾದವರನ್ನು ಈ ಕೆಲಸಕ್ಕೆ ಹಾಕಿಕೊಳ್ಳಬಹುದಲ್ಲ ಎಂದು ಸೂಚಿಸಿದ್ದರು. 1979ರಲ್ಲಿ ಅಮೆರಿಕ ಅದರ ಬಹುತೇಕ ಬಳಕೆಯನ್ನು ನಿಲ್ಲಿಸಿತು. ಕೋಸ್ಟರಿಕಾ, ನಿಕರಾಗುವಾ, ಫಿಲಿಪ್ಪೀನ್ಸ್‌ಗಳ ಬಾಳೆ ತೋಟಗಳಲ್ಲಿ ಅದನ್ನು ಕೈಯಾರೆ ಬಳಸಿದ ಸಾವಿರಾರು ಕೂಲಿಯಾಳುಗಳು ಮುಂದೆ ದಶಕಗಟ್ಟಲೆ ಕೋರ್ಟಿಗೆ ಅಲೆದರು.

ಔಷಧಿಯಾಗಲಿ ರಾಸಾಯನಿಕವಾಗಲಿ, ಅದು ಗಂಡಸಿನ ಸಂತಾನಶಕ್ತಿಗೆ ಏನು ಮಾಡುತ್ತದೆ ಎಂದು ಅಳೆಯುವ ವಿಜ್ಞಾನದಲ್ಲಿ ಲ್ಯಾತ್ರಪ್‌ಗೆ ದೊಡ್ಡ ಸ್ಥಾನವಿದೆ. ಅಲ್ಲಿಂದಾಚೆ ಎರಡು ಪ್ರಶ್ನೆಗಳನ್ನು ಕೇಳಲೇಬೇಕಾಯಿತು. ಈ ವಸ್ತು ಮೈಸೇರಿದ ಗಂಡಸಿಗೆ ಮಕ್ಕಳಾಗುತ್ತವೆಯೇ? ಆದ ಮಗು ಹೇಗಿರುತ್ತದೆ? ನನ್ನ ಮಟ್ಟಿಗೆ ಹೇಳುವುದಾದರೆ, ಮೊದಲನೆಯದನ್ನು ನಾವು ಅರೆಮನಸ್ಸಿನಿಂದ ಕೇಳುತ್ತಿದ್ದೇವೆ, ಎರಡನೆಯದನ್ನು ಹೆಚ್ಚುಕಡಿಮೆ ಕೇಳುತ್ತಲೇ ಇಲ್ಲ. ಹುಟ್ಟುವ ಮಗುವಿನ ಆರೋಗ್ಯದ ಹೊಣೆಯನ್ನೆಲ್ಲ ತಾಯಿಯ ಹೊಟ್ಟೆಯ ಮೇಲೆ ಹೇರಿ, ತಂದೆಯ ಮೈಯನ್ನು ಲೆಕ್ಕದಿಂದಲೇ ಬಿಟ್ಟಿದ್ದೇವೆ.

ಹೆಣ್ಣುಮಗು ಹುಟ್ಟುವಾಗಲೇ ಅಂಡಗಳ ದಾಸ್ತಾನನ್ನು ಹೊತ್ತು ಬರುತ್ತದೆ. ಗಂಡಿನ ದೇಹ ಹಾಗಲ್ಲ. ಪ್ರಾಯ ಬಂದಂದಿನಿಂದ ಮುಪ್ಪಿನವರೆಗೂ ದಿನಕ್ಕೆ ಕೋಟಿಗಟ್ಟಲೆ ವೀರ್ಯಾಣುಗಳನ್ನು ಹೊಸದಾಗಿ ಕಟ್ಟುತ್ತಲೇ ಇರುತ್ತದೆ. ವೃಷಣದೊಳಗಿನ ಸಣ್ಣ ನಳಿಕೆಗಳ ಗೋಡೆಗೆ ಅಂಟಿಕೊಂಡ ಮೂಲಕೋಶವೊಂದು ಒಡೆದು, ಹಂತಹಂತವಾಗಿ ಮಾರ್ಪಟ್ಟು, ತಲೆ ಬಾಲ ಮೂಡಿ ವೀರ್ಯಾಣುವಾಗಲು ಸುಮಾರು 74 ದಿನ ಬೇಕು. ಆಮೇಲೆ ವೃಷಣದ ಬೆನ್ನಿಗೆ ಸುತ್ತಿಕೊಂಡಿರುವ ಎಪಿಡಿಡಿಮಿಸ್ ಎಂಬ ಸುರುಳಿ ನಾಳದಲ್ಲಿ ಕೆಲವು ದಿನ ಸಾಗಿ, ಈಜುವ ಶಕ್ತಿ ಪಡೆಯುತ್ತದೆ. ಒಟ್ಟು ಲೆಕ್ಕ ಮೂರು ತಿಂಗಳು ಎಂದಿಟ್ಟುಕೊಳ್ಳಿ. ಇಂದು ಗರ್ಭ ನಿಂತರೆ ಅದಕ್ಕೆ ಕಾರಣವಾದ ವೀರ್ಯಾಣುವಿನ ಕೆಲಸ ಶುರುವಾದದ್ದು ಮೂರು ತಿಂಗಳ ಹಿಂದೆ. ಆ ಅವಧಿಯಲ್ಲಿ ಅವನು ನುಂಗಿದ ಮಾತ್ರೆ, ಉಸಿರಾಡಿದ ಆವಿ, ಕೈಗೆ ಮೆತ್ತಿಕೊಂಡ ದ್ರಾವಣ, ಎಲ್ಲಕ್ಕೂ ಅದು ಮೈಯೊಡ್ಡಿ ನಿಂತಿರುತ್ತದೆ.

ಹಾನಿ ಯಾವ ಹಂತಕ್ಕೆ ತಟ್ಟಿತು ಎಂಬುದರ ಮೇಲೆ ಎಲ್ಲವೂ ನಿಂತಿದೆ. ತೆನೆ ಹಾಳಾದರೆ ಹೋಗುವುದು ಒಂದು ಬೆಳೆ, ಕಣಜದ ಬಿತ್ತನೆ ಬೀಜವೇ ಹಾಳಾದರೆ ಮುಂದೆ ಬೆಳೆಯೇ ಇಲ್ಲ. ಕರುಳಿನ ಹುಣ್ಣಿಗೆ, ಸಂಧಿವಾತಕ್ಕೆ ಕೊಡುವ ಸಲ್ಫಾಸಲಜೀನ್ ಮೊದಲ ಬಗೆಯದು. ಅದನ್ನು ತೆಗೆದುಕೊಳ್ಳುವ ಗಂಡಸರಲ್ಲಿ ವೀರ್ಯಾಣು ಕಡಿಮೆಯಾಗಿ, ಚಲನೆ ಕುಗ್ಗಿ, ಮಕ್ಕಳಾಗದಿರುವುದು 1979ರಲ್ಲಿ ವರದಿಯಾಯಿತು. ಮಾತ್ರೆ ಬಿಟ್ಟ ಎರಡು ಮೂರು ತಿಂಗಳಲ್ಲಿ ಎಲ್ಲ ಮೊದಲಿನಂತಾಯಿತು. ದೋಷ ಮಾತ್ರೆಯ ಸಲ್ಫಾ ಭಾಗದಲ್ಲಿತ್ತು. ಆ ಭಾಗವಿಲ್ಲದ ಮೆಸಲಮೈನ್‌ಗೆ ಬದಲಾಯಿಸಿದರೆ ಕರುಳಿನ ರೋಗಿಗಳಿಗೆ ಈ ತೊಂದರೆ ಇಲ್ಲ. ಡಿಬಿಸಿಪಿ ಎರಡನೆಯ ಬಗೆ. ಅದು ಮೂಲಕೋಶಗಳನ್ನೇ ಕೊಂದಿತು. ವೀರ್ಯಾಣು ಸ್ವಲ್ಪವಾದರೂ ಉಳಿದಿದ್ದವರಲ್ಲಿ ಕೆಲವರು ಚೇತರಿಸಿಕೊಂಡರು. ಪೂರಾ ಬರಿದಾಗಿದ್ದ ಹಲವರಿಗೆ ಆ ಭಾಗ್ಯ ಬರಲಿಲ್ಲ.

ಇನ್ನೊಂದು ದಾರಿ ಹಾರ್ಮೋನಿನದು. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನುಗಳನ್ನು ಕಳಿಸಿ ವೃಷಣವನ್ನು ದುಡಿಸುತ್ತದೆ. ರಕ್ತದಲ್ಲಿ ಗಂಡುಹಾರ್ಮೋನಾದ ಟೆಸ್ಟೋಸ್ಟಿರೋನ್ ಸಾಕಷ್ಟಿದೆ ಎಂದು ಕಂಡರೆ ಆ ಆಜ್ಞೆ ನಿಲ್ಲುತ್ತದೆ. ಹಾಗಾಗಿ ಹೊರಗಿನಿಂದ ಟೆಸ್ಟೋಸ್ಟಿರೋನ್ ಚುಚ್ಚಿಸಿಕೊಂಡವನ ವೃಷಣ ಸುಮ್ಮನೆ ಕೂರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಗಂಡಸರ ಗರ್ಭನಿರೋಧಕವಾಗಿ ಪರೀಕ್ಷಿಸಿತ್ತು. 1990ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ವಾರಕ್ಕೆ 200 ಮಿಲಿಗ್ರಾಂ ಚುಚ್ಚುಮದ್ದು ಪಡೆದ 271 ಮಂದಿಯಲ್ಲಿ 157 ಮಂದಿಯ ವೀರ್ಯದಲ್ಲಿ ಆರು ತಿಂಗಳೊಳಗೆ ಒಂದೂ ವೀರ್ಯಾಣು ಉಳಿಯಲಿಲ್ಲ. ತೋಳು ದಪ್ಪವಾಗಲೆಂದು ಜಿಮ್‌ನಲ್ಲಿ ಯಾರೋ ಕೊಟ್ಟ ಟೆಸ್ಟೋಸ್ಟಿರೋನ್ ಬಗೆಯ ಸ್ಟಿರಾಯ್ಡ್ ಚುಚ್ಚಿಸಿಕೊಳ್ಳುವ ನಮ್ಮ ಹುಡುಗರಿಗೆ ಈ ಮಾತನ್ನು ಹೇಳುವವರೇ ಇಲ್ಲ. ಗಂಡಸುತನ ಹೆಚ್ಚುತ್ತದೆಂದು ನಂಬಿ ತೆಗೆದುಕೊಳ್ಳುವ ಔಷಧಿಯೇ ಅಪ್ಪನಾಗುವುದನ್ನು ತಡೆಯುತ್ತದೆ. ಬಿಟ್ಟ ಮೇಲೆ ಬಹುಮಂದಿ ಸುಧಾರಿಸುತ್ತಾರೆ ನಿಜ, ಆದರೆ ತಿಂಗಳುಗಳು ಹಿಡಿಯುತ್ತವೆ.

ಹೊಸ ಔಷಧಿ ಮಾರುಕಟ್ಟೆಗೆ ಬರುವ ಮೊದಲು ಇದನ್ನೆಲ್ಲ ಪರೀಕ್ಷಿಸುವುದು ಹೆಚ್ಚಾಗಿ ಇಲಿಗಳ ಮೇಲೆ. ಗಂಡಿಲಿಗೆ ನಿಗದಿತ ದಿನಗಳವರೆಗೆ ಔಷಧಿ ಕೊಟ್ಟು, ಹೆಣ್ಣಿಲಿಯ ಜೊತೆ ಬಿಟ್ಟು, ಗರ್ಭ ನಿಂತಿತೇ, ಎಷ್ಟು ಮರಿಗಳಾದವು ಎಂದು ನೋಡುತ್ತಾರೆ. ಇಲಿಯಲ್ಲಿ ವೀರ್ಯಾಣು ತಯಾರಾಗಲು 50 ದಿನಕ್ಕೂ ತುಸು ಹೆಚ್ಚು ಬೇಕು. ಆದ್ದರಿಂದ ಕೀಟನಾಶಕ ಮತ್ತಿತರ ರಾಸಾಯನಿಕಗಳ ಎರಡು ತಲೆಮಾರಿನ ಪರೀಕ್ಷೆಯಲ್ಲಿ ಜೋಡಿ ಮಾಡುವ ಮೊದಲು ಹತ್ತು ವಾರ ಕೊಡುತ್ತಾರೆ, ಇಡೀ ಚಕ್ರ ಒಮ್ಮೆ ತಿರುಗಲಿ ಎಂದು. ಕೊನೆಗೆ ವೃಷಣ ತೂಗಿ, ತೆಳುವಾಗಿ ಸೀಳಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಾರೆ. ಅನುಭವಿಗಳ ಕಣ್ಣಿಗೆ ಆ ಸೀಳಿನಲ್ಲಿ ಯಾವ ಹಂತದ ಕೋಶಗಳು ಕಾಣೆಯಾಗಿವೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ನನಗೆ ಕೇಳಿದರೆ ಈ ಇಡೀ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಈ ಸೀಳೇ, ಮರಿಗಳ ಎಣಿಕೆ ಅಲ್ಲ.

ಯಾಕೆಂದರೆ ಇಲಿ ವಿಪರೀತ ಸಂತಾನಶಕ್ತಿಯ ಪ್ರಾಣಿ. ಅದರ ವೀರ್ಯಾಣುಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಕಡಿಮೆಯಾದರೂ ಮರಿಗಳ ಸಂಖ್ಯೆ ಹಾಗೆಯೇ ಇರಬಲ್ಲದು. ಮನುಷ್ಯ ಅಷ್ಟು ಶ್ರೀಮಂತನಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದ ವೀರ್ಯ ಪರೀಕ್ಷೆಯ ಕೈಪಿಡಿಯ ಆರನೆಯ ಆವೃತ್ತಿ, ಒಂದು ವರ್ಷದೊಳಗೆ ತಂದೆಯಾದ ಗಂಡಸರ ಮಾಹಿತಿಯನ್ನು ಒಟ್ಟುಗೂಡಿಸಿ, ಮಿಲಿಲೀಟರಿಗೆ 1.6 ಕೋಟಿಯನ್ನು ಕೆಳಗಿನ ಗೆರೆಯಾಗಿ ಇಟ್ಟುಕೊಂಡಿದೆ. ನಮ್ಮ ನಡುವಿನ ಎಷ್ಟೋ ಗಂಡಸರು ಆ ಗೆರೆಯ ಆಸುಪಾಸಿನಲ್ಲೇ ಇದ್ದಾರೆ. ಇಲಿಗೆ ಏನೂ ಆಗದ ಪೆಟ್ಟು ಅಂಥವನನ್ನು ಗೆರೆಯ ಕೆಳಕ್ಕೆ ನೂಕಬಹುದು. ಇಲಿಗೆ ಮರಿಯಾಯಿತು ಎಂದ ಮಾತ್ರಕ್ಕೆ ಔಷಧಿ ಗಂಡಸರಿಗೆ ನಿರಪಾಯ ಎನ್ನಲಾಗದು.

ಇನ್ನು ನಮ್ಮ ದೇಶದ ನಿಯಮ. ಔಷಧ ನಿಯಮಗಳ ಷೆಡ್ಯೂಲ್ ವೈ ಎಂಬ ಭಾಗದಲ್ಲಿದ್ದ ವಿಧಾನ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಿಗೂ ಬಂದಿದೆ. ಅದರಂತೆ ಗಂಡಿಲಿಗಳಿಗೆ ಕನಿಷ್ಠ 28, ಗರಿಷ್ಠ 70 ದಿನ ಔಷಧಿ ಕೊಡಬೇಕು, ಪ್ರತಿ ಗುಂಪಿನಲ್ಲಿ ಕನಿಷ್ಠ 6 ಗಂಡಿಲಿಗಳಿರಬೇಕು. ಆರೇ ಆರು. ಹೊರದೇಶಗಳ ಮಾರ್ಗಸೂಚಿಗಳು ಗುಂಪಿಗೆ ಇಪ್ಪತ್ತರ ಸುಮಾರಿನಷ್ಟು ಗರ್ಭಗಳು ಸಿಗುವಂತೆ ಪ್ರಾಣಿಗಳನ್ನು ಇಟ್ಟುಕೊಳ್ಳಲು ಹೇಳುತ್ತವೆ. ಆರರ ಗುಂಪಿನಲ್ಲಿ ಒಂದು ಇಲಿಯ ವೃಷಣ ಕುಗ್ಗಿದರೆ ಅದನ್ನು ಕಾಕತಾಳೀಯವೆಂದು ಬದಿಗಿಡುವುದು ಬಲು ಸುಲಭ. 28 ದಿನವಂತೂ ಇಲಿಯ ಪೂರ್ತಿ ಚಕ್ರಕ್ಕೆ ಸಾಲುವುದೇ ಇಲ್ಲ. ಮೂಲಕೋಶಕ್ಕೆ ಬಿದ್ದ ಪೆಟ್ಟು ಮರಿಗಳ ಎಣಿಕೆಯಲ್ಲಿ ಕಾಣಿಸಿಕೊಳ್ಳುವ ಮೊದಲೇ ಪರೀಕ್ಷೆ ಮುಗಿದಿರುತ್ತದೆ. ವೃಷಣದ ಸೀಳು ನೋಡಬೇಕೆಂದೂ ಅದೇ ನಿಯಮ ಹೇಳುತ್ತದೆ ಎಂಬುದೊಂದೇ ಸಮಾಧಾನ. ಜಗತ್ತಿಗೆಲ್ಲ ಮಾತ್ರೆ ಮಾಡಿ ಕಳಿಸುವ ದೇಶದ ನಿಯಮ ಇಷ್ಟು ಸಡಿಲವಾಗಿ ಇರಬಾರದು.

ಮಗುವಿನ ಪ್ರಶ್ನೆ ಇದಕ್ಕಿಂತಲೂ ಸೂಕ್ಷ್ಮ. ಕೆನಡಾದ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜಾಕೆಟಾ ಟ್ರಾಸ್ಲರ್, ಬಾರ್ಬರಾ ಹೇಲ್ಸ್, ಬರ್ನಾರ್ಡ್ ರೋಬೆರ್ ಅವರು ಗಂಡಿಲಿಗಳಿಗೆ ಸೈಕ್ಲೋಫಾಸ್ಫಮೈಡ್ ಎಂಬ ಕ್ಯಾನ್ಸರ್ ಔಷಧಿಯನ್ನು ಸಣ್ಣ ಪ್ರಮಾಣದಲ್ಲಿ ದಿನವೂ ಕೊಟ್ಟು ನೋಡಿದರು. 1985ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅವರ ಬರಹ ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿತು. ಆ ಇಲಿಗಳು ಎಂದಿನಂತೆ ಜೋಡಿಯಾದವು, ಹೆಣ್ಣುಗಳು ಗರ್ಭ ಧರಿಸಿದವು. ಗಂಡಿನ ಫಲವಂತಿಕೆ ನೋಡುವ ಮಾಮೂಲಿ ಪರೀಕ್ಷೆಯಾಗಿದ್ದರೆ ಇಲ್ಲಿಗೆ ತೇರ್ಗಡೆಯ ಮುದ್ರೆ ಬೀಳುತ್ತಿತ್ತು. ಆದರೆ ಅವರು ಗರ್ಭಕೋಶ ತೆರೆದು ನೋಡಿದರು. ಭ್ರೂಣಗಳು ಸತ್ತು ಕರಗಿಹೋಗಿದ್ದವು, ಉಳಿದವುಗಳಲ್ಲಿ ಕೆಲವಕ್ಕೆ ಅಂಗವೈಕಲ್ಯವಿತ್ತು. ತಾಯಿಗೆ ಔಷಧಿಯ ಒಂದು ಹನಿಯನ್ನೂ ಕೊಟ್ಟಿರಲಿಲ್ಲ. ಔಷಧಿ ಕೊಡುತ್ತಾ ಹೋದಂತೆ ವಾರದಿಂದ ವಾರಕ್ಕೆ ನಷ್ಟ ಏರಿತು, ನಿಲ್ಲಿಸಿದ ಮೇಲೆ ಇಳಿಯಿತು.

ಅದರ ಕಾರಣ ವೀರ್ಯಾಣುವಿನ ರಚನೆಯಲ್ಲೇ ಇದೆ. ವೀರ್ಯಾಣು ರೂಪುಗೊಳ್ಳುವ ಕೊನೆಯ ಹಂತದಲ್ಲಿ ಡಿಎನ್‌ಎಯನ್ನು ಪ್ರೋಟಮೀನ್ ಎಂಬ ಪ್ರೋಟೀನುಗಳಿಂದ ಬಿಗಿಯಾಗಿ ಸುತ್ತಿ ಚಿಕ್ಕ ತಲೆಯೊಳಗೆ ತುಂಬಬೇಕಾಗುತ್ತದೆ. ಆ ಹೊತ್ತಿಗೆ ಕೋಶದ ಡಿಎನ್‌ಎ ದುರಸ್ತಿಯ ವ್ಯವಸ್ಥೆ ನಿಂತುಹೋಗಿರುತ್ತದೆ. ಮುಂಚಿನ ಹಂತಗಳಲ್ಲಿ ಪೆಟ್ಟು ತಿಂದ ಕೋಶ ಒಂದೋ ರಿಪೇರಿಯಾಗುತ್ತದೆ, ಇಲ್ಲವೇ ಸಾಯುತ್ತದೆ. ಸತ್ತರೆ ಎಣಿಕೆ ಕಡಿಮೆಯಾಗಿ ನಮಗೆ ಗೊತ್ತಾಗುತ್ತದೆ. ಕೊನೆಯ ಹಂತದಲ್ಲಿ ಪೆಟ್ಟು ತಿಂದದ್ದು ಸಾಯುವುದೂ ಇಲ್ಲ, ರಿಪೇರಿಯಾಗುವುದೂ ಇಲ್ಲ. ಚೆನ್ನಾಗಿಯೇ ಈಜಿ, ಅಂಡವನ್ನು ಮುಟ್ಟಿ, ತನ್ನ ಗಾಯವನ್ನು ಒಳಗೆ ಒಯ್ಯುತ್ತದೆ. ಅಂಡಕ್ಕೆ ಅದನ್ನು ಸ್ವಲ್ಪಮಟ್ಟಿಗೆ ಸರಿಪಡಿಸುವ ಶಕ್ತಿ ಇದೆ. ಅದೂ ಸೋತರೆ ಗರ್ಭ ಹೋಗುತ್ತದೆ, ಅಥವಾ ಇನ್ನೂ ದೊಡ್ಡ ತೊಂದರೆ ಉಳಿಯುತ್ತದೆ. ವೀರ್ಯಾಣುಗಳ ಸಂಖ್ಯೆ ಚೆನ್ನಾಗಿದೆ ಎಂಬ ಲ್ಯಾಬ್ ವರದಿ ಈ ಗಾಯದ ಬಗ್ಗೆ ಏನನ್ನೂ ಹೇಳದು.

ಇಂಥ ಹಾನಿ ಹಿಡಿಯಲು ಜಾಣತನದ ಒಂದು ಪರೀಕ್ಷೆಯಿದೆ. ಗಂಡಿಗೆ ಔಷಧಿ ಕೊಟ್ಟು, ವಾರಕ್ಕೊಂದು ಹೊಸ ಹೆಣ್ಣಿನ ಜೊತೆ ಬಿಡುತ್ತಾ ಹೋಗುತ್ತಾರೆ. ಮೊದಲ ವಾರಗಳ ಗರ್ಭಗಳಲ್ಲಿ ಭ್ರೂಣ ಸತ್ತಿದ್ದರೆ ಪೆಟ್ಟು ಬಿದ್ದದ್ದು ಹೆಚ್ಚುಕಡಿಮೆ ತಯಾರಾಗಿದ್ದ ವೀರ್ಯಾಣುವಿಗೆ. ಆರೇಳನೆಯ ವಾರದಲ್ಲಿ ಸತ್ತಿದ್ದರೆ ಪೆಟ್ಟು ಬಿದ್ದದ್ದು ಅದು ಇನ್ನೂ ಆರಂಭದ ಹಂತದಲ್ಲಿದ್ದಾಗ. ವಾರ ಎಣಿಸಿಯೇ ವೃಷಣದೊಳಗಿನ ಘಟನೆಯನ್ನು ಓದಿಬಿಡಬಹುದು. ಕೀಮೋಥೆರಪಿ ಪಡೆಯುವ ಗಂಡಸರಿಗೆ ಚಿಕಿತ್ಸೆ ನಡೆಯುವಾಗ ಮತ್ತು ಆಮೇಲೆ ಕೆಲಕಾಲ ಮಗು ಬೇಡ ಎಂದು ವೈದ್ಯರು ಹೇಳುವುದು, ಮೊದಲೇ ವೀರ್ಯವನ್ನು ಹೆಪ್ಪುಗಟ್ಟಿಸಿ ತೆಗೆದಿಡಲು ಸಲಹೆ ಕೊಡುವುದು ಈ ತಿಳಿವಳಿಕೆಯ ಫಲ. ಹಾಗೆಂದು ಹೆದರಿ ಕೂರಬೇಕಿಲ್ಲ. ಬಾಲ್ಯದಲ್ಲಿ ಕ್ಯಾನ್ಸರ್ ಗೆದ್ದು ವರ್ಷಗಳ ನಂತರ ತಂದೆಯಾದವರ ಮಕ್ಕಳಲ್ಲಿ ಜನ್ಮದೋಷ ಹೆಚ್ಚಿಲ್ಲ ಎಂದೇ ದೊಡ್ಡ ಅಧ್ಯಯನಗಳು ತೋರಿಸಿವೆ. ಹಿರೋಶಿಮಾ ನಾಗಸಾಕಿಯ ಅಣುಬಾಂಬಿನಿಂದ ಬದುಕುಳಿದವರ ಮಕ್ಕಳನ್ನು ದಶಕಗಳ ಕಾಲ ನೋಡಿಯೂ ಅಂಥ ಏರಿಕೆ ಕಂಡಿಲ್ಲ. ಲೆಕ್ಕಕ್ಕೆ ಬರುವುದು ಮುಖ್ಯವಾಗಿ ಗರ್ಭ ನಿಲ್ಲುವ ಮುಂಚಿನ ಆ ಮೂರು ತಿಂಗಳು.

ತಂದೆಯ ಔಷಧಿ ಮಗುವನ್ನು ತಲುಪಲು ಬೇರೆ ದಾರಿಗಳೂ ಇವೆ. ಭ್ರೂಣಕ್ಕೆ ಅಂಗವೈಕಲ್ಯ ತರುವ ಥಾಲಿಡೊಮೈಡ್ ತೆಗೆದುಕೊಳ್ಳುವ ಗಂಡಸಿನ ವೀರ್ಯದಲ್ಲಿ ಆ ಔಷಧಿ ಸೇರಿರುತ್ತದೆ, ಅದಕ್ಕೇ ಕಾಂಡೋಮ್ ಕಡ್ಡಾಯ. ಬ್ಯಾಟರಿ ಕಾರ್ಖಾನೆಯ ಕೆಲಸಗಾರ ಸೀಸದ ಧೂಳನ್ನು ಬಟ್ಟೆಯಲ್ಲಿ ಹೊತ್ತು ಮನೆಗೆ ತರುತ್ತಾನೆ.

ಸೀಸದ ಮಾತು ಬಂದಾಗ ಅಮೆರಿಕದ ಒಂದು ಮೊಕದ್ದಮೆಯನ್ನು ಹೇಳಲೇಬೇಕು. ಜಾನ್ಸನ್ ಕಂಟ್ರೋಲ್ಸ್ ಎಂಬ ಬ್ಯಾಟರಿ ಕಂಪನಿ, ಹುಟ್ಟುವ ಮಗುವಿಗೆ ತೊಂದರೆಯಾದೀತು ಎಂದು, ಮಕ್ಕಳಾಗದೆಂಬ ವೈದ್ಯಕೀಯ ದಾಖಲೆ ತರದ ಹೆಂಗಸರನ್ನು ಸೀಸದ ಕೆಲಸದಿಂದ ಹೊರಗಿಟ್ಟಿತು. ಗಂಡಸರಿಗೆ ಅಂಥ ಯಾವ ನಿಯಮವೂ ಇರಲಿಲ್ಲ. 1991ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ತಾರತಮ್ಯವೆಂದು ತಳ್ಳಿಹಾಕಿತು. ಸೀಸ ಗಂಡಸರ ಸಂತಾನಶಕ್ತಿಗೂ ಕೆಡುಕು ಎಂಬುದಕ್ಕೆ ಸಾಕ್ಷ್ಯವಿರುವುದನ್ನು ತೀರ್ಪು ಎತ್ತಿ ಹೇಳಿತು. ಕಂಪನಿ ಮಾಡಬೇಕಿದ್ದದ್ದು ಸೀಸವನ್ನು ಕಡಿಮೆ ಮಾಡುವ ಕೆಲಸ. ಅದನ್ನು ಬಿಟ್ಟು ಹೆಂಗಸರನ್ನು ಕಡಿಮೆ ಮಾಡಿತು. ತಂದೆಯ ಮೈಯನ್ನು ಲೆಕ್ಕದಿಂದ ಬಿಟ್ಟರೆ ಹೆಣ್ಣಿಗೂ ಅನ್ಯಾಯ, ಗಂಡಿಗೂ ಅನ್ಯಾಯ.

ಪ್ರಾಣಿ ಪರೀಕ್ಷೆ ಎಚ್ಚರಿಕೆ ಕೊಟ್ಟಾಗ ಮುಂದೇನು? ಫಿಲ್ಗೋಟಿನಿಬ್ ಎಂಬ ಸಂಧಿವಾತದ ಮಾತ್ರೆಯ ಕಥೆ ಇಲ್ಲಿ ಪಾಠದಂತಿದೆ. ಇಲಿ ಮತ್ತು ನಾಯಿಗಳಲ್ಲಿ ಅದು ವೀರ್ಯಾಣು ಉತ್ಪತ್ತಿಗೆ ಧಕ್ಕೆ ತಂದಿತ್ತು. 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಗಂಡಸರಲ್ಲೇ ನಡೆಯುತ್ತಿದ್ದ ವೀರ್ಯದ ಅಧ್ಯಯನಗಳ ಫಲಿತಾಂಶ ತೋರಿಸಿ ಎಂದು ಅನುಮತಿಯನ್ನು ತಡೆಹಿಡಿಯಿತು. ಎರಡು ಅಧ್ಯಯನಗಳಲ್ಲಿ ಒಟ್ಟು 250ರ ಸುಮಾರು ಗಂಡಸರಿದ್ದರು, ಅರ್ಧದಷ್ಟು ಮಂದಿಗೆ ಔಷಧಿ, ಉಳಿದವರಿಗೆ ಹುಸಿಮಾತ್ರೆ. ಹದಿಮೂರು ವಾರಗಳ ನಂತರ ವೀರ್ಯಾಣು ಸಾಂದ್ರತೆ ಅರ್ಧಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿದವರು ಔಷಧಿ ಪಡೆದವರಲ್ಲಿ ನೂರಕ್ಕೆ ಸುಮಾರು 7, ಹುಸಿಮಾತ್ರೆಯವರಲ್ಲಿ ಸುಮಾರು 8. ಅಂದರೆ ಆ ಅವಧಿಯಲ್ಲಿ ಔಷಧಿಯಿಂದ ಹಾನಿ ಕಾಣಲಿಲ್ಲ. ನನ್ನ ಗಮನ ಹೋಗುವುದು ಹುಸಿಮಾತ್ರೆಯ ಗುಂಪಿನ ಆ ನೂರಕ್ಕೆ ಎಂಟರಷ್ಟು ಮಂದಿಯ ಕಡೆಗೆ. ಯಾವ ಔಷಧಿಯೂ ಇಲ್ಲದೆ ಅವರ ಎಣಿಕೆ ಅರ್ಧಕ್ಕೆ ಇಳಿದಿತ್ತು. ವೀರ್ಯದ ಲೆಕ್ಕ ಅಷ್ಟು ಚಂಚಲ. ಜ್ವರ ಬಂದು ಹೋದರೂ, ಸಂಭೋಗವಿಲ್ಲದ ದಿನಗಳು ಹೆಚ್ಚುಕಡಿಮೆಯಾದರೂ ಬದಲಾಗುತ್ತದೆ. ಎರಡರಿಂದ ಏಳು ದಿನಗಳ ಅಂತರವಿಟ್ಟೇ ಮಾದರಿ ಕೊಡಬೇಕೆಂಬ ಕಟ್ಟಳೆ ಇರುವುದು ಅದಕ್ಕೆ. ಒಂದೇ ಒಂದು ವರದಿ ಹಿಡಿದುಕೊಂಡು ಯಾರನ್ನೂ ಬಂಜೆತನದ ಪಟ್ಟಿಗೆ ಸೇರಿಸಬಾರದು, ಯಾವ ಔಷಧಿಯನ್ನೂ ದೂರಬಾರದು. ಹೋಲಿಕೆಯ ಗುಂಪು ಇಲ್ಲದ ಲೆಕ್ಕಕ್ಕೆ ಅರ್ಥವಿಲ್ಲ.

ಮಕ್ಕಳ ವಿಷಯಕ್ಕೆ ಬಂದರೆ ಇಂಥ ಪ್ರಯೋಗ ಮಾಡುವಂತೆಯೇ ಇಲ್ಲ. ಆಗಿಹೋದದ್ದನ್ನು ದಾಖಲೆಗಳಿಂದ ಓದಬೇಕಷ್ಟೆ. ಫಿಟ್ಸ್‌ಗೆ ಕೊಡುವ ವ್ಯಾಲ್‌ಪ್ರೊಯೇಟ್ ನಮ್ಮಲ್ಲೂ ಬಳಕೆಯಲ್ಲಿರುವ ಔಷಧಿ. ಗರ್ಭಿಣಿ ಇದನ್ನು ತೆಗೆದುಕೊಂಡರೆ ನೂರರಲ್ಲಿ ಹತ್ತರಷ್ಟು ಮಕ್ಕಳಿಗೆ ಜನ್ಮದೋಷ, ಮೂವತ್ತರಿಂದ ನಲವತ್ತರಷ್ಟು ಮಕ್ಕಳಿಗೆ ಬುದ್ಧಿ ಬೆಳವಣಿಗೆಯ ತೊಂದರೆ ಬರಬಹುದೆಂಬುದು ಚೆನ್ನಾಗಿ ಸಾಬೀತಾಗಿದೆ. ತಂದೆ ತೆಗೆದುಕೊಂಡರೆ? ಡೆನ್ಮಾರ್ಕ್, ನಾರ್ವೆ, ಸ್ವೀಡನ್ನಿನ ದಾಖಲೆಗಳನ್ನು ಜೋಡಿಸಿ ನೋಡಿದಾಗ, ಗರ್ಭ ನಿಲ್ಲುವ ಮುಂಚಿನ ಮೂರು ತಿಂಗಳಲ್ಲಿ ತಂದೆ ವ್ಯಾಲ್‌ಪ್ರೊಯೇಟ್ ತೆಗೆದುಕೊಂಡಿದ್ದರೆ ಸುಮಾರು ನೂರಕ್ಕೆ 5 ಮಕ್ಕಳಲ್ಲಿ, ಫಿಟ್ಸ್‌ನ ಬೇರೆ ಎರಡು ಔಷಧಿಗಳಾದರೆ ನೂರಕ್ಕೆ 3 ಮಕ್ಕಳಲ್ಲಿ ಬೆಳವಣಿಗೆಯ ತೊಂದರೆ ಕಂಡಿತು. ಇದರ ಮೇಲೆ 2024ರ ಜನವರಿಯಲ್ಲಿ ಯುರೋಪಿನ ಔಷಧ ಸಂಸ್ಥೆ ಎಚ್ಚರಿಕೆ ಹೊರಡಿಸಿತು. ಬ್ರಿಟನ್ ಅದೇ ವರ್ಷ, ಮಾತ್ರೆ ತೆಗೆದುಕೊಳ್ಳುವಾಗ ಮತ್ತು ಬಿಟ್ಟ ಮೇಲೆ ಮೂರು ತಿಂಗಳು ಗಂಡಸರು ಗರ್ಭನಿರೋಧಕ ಬಳಸಲಿ ಎಂದಿತು. ಆದರೆ ಅದೇ 2024ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಹನ್ನೆರಡು ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ತೆಗೆದು, ತಂದೆ ವ್ಯಾಲ್‌ಪ್ರೊಯೇಟ್ ಪಡೆದಿದ್ದ 1,336 ಮಕ್ಕಳನ್ನು ನೋಡಿದಾಗ ಹೆಚ್ಚಿನ ಅಪಾಯ ಕಾಣಲಿಲ್ಲ.

ಎರಡೂ ಪ್ರಾಮಾಣಿಕ ಅಧ್ಯಯನಗಳೇ. ನೂರಕ್ಕೆ ಮೂರು, ನೂರಕ್ಕೆ ಐದು ಎಂಬ ಸಣ್ಣ ಅಂತರವನ್ನು ಹಿಡಿಯಲು ಸಾವಿರಾರು ಮಕ್ಕಳು ಬೇಕು. ಫಿಟ್ಸ್ ರೋಗದ್ದೇ ಆದ ಆನುವಂಶಿಕ ಕಾರಣ ಯಾವುದು, ಔಷಧಿಯ ಪಾಲು ಎಷ್ಟು ಎಂದು ಬೇರ್ಪಡಿಸಬೇಕು. ಈ ದಾರಿಯಲ್ಲಿ ಎಡವಿದ ಉದಾಹರಣೆಯೂ ಇದೆ. ಬ್ರಿಟನ್ನಿನ ಸೆಲ್ಲಾಫೀಲ್ಡ್ ಅಣುಸ್ಥಾವರದ ಬಳಿಯ ಸೀಸ್ಕೇಲ್ ಊರಿನ ಮಕ್ಕಳ ರಕ್ತಕ್ಯಾನ್ಸರಿಗೆ ತಂದೆಯರು ಪಡೆದ ವಿಕಿರಣವೇ ಕಾರಣವಿರಬಹುದೆಂದು 1990ರಲ್ಲಿ ಮಾರ್ಟಿನ್ ಗಾರ್ಡ್ನರ್ ತಂಡ ಬರೆದಾಗ ದೇಶವೇ ತಲ್ಲಣಿಸಿತು. ಮುಂದಿನ ದೊಡ್ಡ ಅಧ್ಯಯನಗಳು ಅದನ್ನು ಎತ್ತಿಹಿಡಿಯಲಿಲ್ಲ. ಆದರೂ ಡೆನ್ಮಾರ್ಕಿನಂಥ ದೇಶಗಳಿಗೆ ಪ್ರಶ್ನೆ ಕೇಳಲು ಬರುತ್ತದೆ, ಯಾಕೆಂದರೆ ತಂದೆ ಯಾವ ದಿನ ಯಾವ ಮಾತ್ರೆ ಕೊಂಡ ಎಂಬ ದಾಖಲೆ ಇದೆ. ನಮ್ಮಲ್ಲಿ ಗರ್ಭಿಣಿಯರಿಗೆ ಕೊಡುವ ತಾಯಿ ಕಾರ್ಡಿನಲ್ಲಿ ಗಂಡನ ಹೆಸರು ಬರೆಯಲು ಜಾಗವಿದೆ. ಅವನು ಯಾವ ಔಷಧಿ ನುಂಗುತ್ತಾನೆ, ಎಲ್ಲಿ ದುಡಿಯುತ್ತಾನೆ, ತೋಟಕ್ಕೆ ಏನು ಸಿಂಪಡಿಸುತ್ತಾನೆ ಎಂದು ಬರೆಯಲು ಜಾಗವಿಲ್ಲ.

ಇದು ದೂರದ ದೇಶಗಳ ಕಥೆಯಷ್ಟೇ ಆಗಿದ್ದರೆ ಇಷ್ಟು ಬೇಸರವಾಗುತ್ತಿರಲಿಲ್ಲ. ಕಾಸರಗೋಡಿನ ಕನ್ನಡದ ಹಳ್ಳಿ ಪಡ್ರೆ. ಎಣ್ಮಕಜೆ ಪಂಚಾಯಿತಿಯ ಆ ಗುಡ್ಡಗಳ ಗೇರುತೋಟಗಳಿಗೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಿತು. ಕೆಳಗೆ ತೋಡುಗಳಿದ್ದವು, ಸುರಂಗದ ನೀರು ಕುಡಿಯುವ ಮನೆಗಳಿದ್ದವು. ಊರಿನ ವೈದ್ಯ ಡಾ. ವೈ.ಎಸ್. ಮೋಹನಕುಮಾರ್, ಪತ್ರಕರ್ತ ಶ್ರೀ ಪಡ್ರೆ ಅವರಂಥವರು ಕೂಗಿ ಹೇಳಿದ ಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಬಂದರು. 10ರಿಂದ 19 ವರ್ಷದ 117 ಹುಡುಗರನ್ನು ಪರೀಕ್ಷಿಸಿದರು, ಸಿಂಪಡಣೆ ಇಲ್ಲದ ಊರಿನ 90 ಹುಡುಗರ ಜೊತೆ ಹೋಲಿಸಿದರು. 2003ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಸಿಂಪಡಣೆಗೆ ಒಡ್ಡಿಕೊಂಡ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚಿತ್ತು, ಪ್ರಾಯದ ಬೆಳವಣಿಗೆ ಹಿಂದೆ ಬಿದ್ದಿತ್ತು, ಟೆಸ್ಟೋಸ್ಟಿರೋನ್ ಕಡಿಮೆಯಿತ್ತು, ಎಲ್‌ಎಚ್ ಹೆಚ್ಚಿತ್ತು. ಮಿದುಳು ಆಜ್ಞೆ ಕಳಿಸುತ್ತಿದೆ, ವೃಷಣ ಅದಕ್ಕೆ ತಕ್ಕಂತೆ ದುಡಿಯುತ್ತಿಲ್ಲ ಎಂಬುದು ಇದರ ಸೂಚನೆ. ಲ್ಯಾತ್ರಪ್‌ನ ಕೆಲಸಗಾರರಲ್ಲೂ ಎಫ್‌ಎಸ್‌ಎಚ್ ಹೀಗೆಯೇ ಏರಿತ್ತು.

ವೃಷಣ ಕೆಳಗಿಳಿಯದಿರುವಂಥ ಹುಟ್ಟುದೋಷಗಳು ಪಡ್ರೆಯ ಕಡೆ ನೂರಕ್ಕೆ 5.1, ಹೋಲಿಕೆಯ ಊರಿನಲ್ಲಿ ನೂರಕ್ಕೆ 1.1. ಹೆಚ್ಚುಕಡಿಮೆ ಐದು ಪಟ್ಟು. ಆದರೆ 117ರಲ್ಲಿ ಆರು, 90ರಲ್ಲಿ ಒಂದು ಎಂಬ ಸಣ್ಣ ಸಂಖ್ಯೆಗಳಿವು. ಸಂಖ್ಯಾಶಾಸ್ತ್ರದ ಕಟ್ಟಳೆಯಲ್ಲಿ ಇದು ಖಚಿತವೆನ್ನಲು ಸಾಲದೆಂದು ಸಂಶೋಧಕರೇ ಬರೆದರು. ಅಧ್ಯಯನದ ಬಗ್ಗೆ ತಕರಾರುಗಳೂ ಬಂದವು. ಸಾಲದು ಎಂದರೆ ಇಲ್ಲ ಎಂದಲ್ಲ, ಇನ್ನೂ ಹೆಚ್ಚು ಮಕ್ಕಳನ್ನು ನೋಡಬೇಕು ಎಂದು. 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು, ಮೇ 13ರಂದು ನಮ್ಮ ಸುಪ್ರೀಂ ಕೋರ್ಟ್ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ ಸುತ್ತಿನ ಗೇರುತೋಟಗಳಿಗೂ ಇದೇ ವಿಷ ಮೇಲಿನಿಂದ ಬಿದ್ದಿತ್ತು. ಪಡ್ರೆಯಲ್ಲಿ ಪರೀಕ್ಷೆಗೆ ನಿಂತ ಹುಡುಗರು ಈಗ ಮೂವತ್ತು ದಾಟಿದ್ದಾರೆ. ಅವರಿಗೆ ಮಕ್ಕಳಾದವೇ, ಮಕ್ಕಳು ಹೇಗಿದ್ದಾರೆ ಎಂದು ಹೋಗಿ ಕೇಳುವುದು ಸರ್ಕಾರಗಳ ಸಾಲ.

ಓದುಗರಲ್ಲಿ ಕೆಲವು ಮಾತು. ಫಿಟ್ಸ್, ಸಂಧಿವಾತ, ಮೂತ್ರಪಿಂಡ, ಕ್ಯಾನ್ಸರ್, ಯಾವುದೇ ದೀರ್ಘ ಚಿಕಿತ್ಸೆಯಲ್ಲಿರುವ ಗಂಡಸರು ಮಗು ಬೇಕೆಂದು ಯೋಚಿಸಿದಾಗ, ಕನಿಷ್ಠ ಮೂರು ನಾಲ್ಕು ತಿಂಗಳು ಮೊದಲೇ ವೈದ್ಯರಿಗೆ ತಿಳಿಸಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಫಿಟ್ಸ್ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಜೀವಕ್ಕೇ ಅಪಾಯ, ಬದಲಿ ಔಷಧಿ ಇದೆಯೇ ಎಂದು ಕೇಳುವುದು ಸರಿಯಾದ ದಾರಿ. ತೋಟಕ್ಕೆ ಔಷಧಿ ಹೊಡೆಯುವವರು ಕೈಗವಸು, ಮುಖಗವಸು ಹಾಕಿ, ಒದ್ದೆಯಾದ ಬಟ್ಟೆಯಲ್ಲಿ ಮನೆಯೊಳಗೆ ಬರಬೇಡಿ, ಆ ಬಟ್ಟೆಯನ್ನು ಬೇರೆಯಾಗಿಯೇ ಒಗೆಯಿರಿ. ಮದುವೆಯಾಗಿ ವರ್ಷ ಕಳೆದರೂ ಮಕ್ಕಳಾಗದಿದ್ದರೆ ಹೆಂಡತಿಯೊಬ್ಬಳನ್ನೇ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದಾಡಿಸಬೇಡಿ. ಸೂಜಿಯಿಲ್ಲದ, ನೋವಿಲ್ಲದ ವೀರ್ಯ ಪರೀಕ್ಷೆಯನ್ನು ಗಂಡ ಮೊದಲು ಮಾಡಿಸಿಕೊಳ್ಳಲಿ. ಆರೋಗ್ಯ ಇಲಾಖೆಯವರಲ್ಲೂ ಒಂದು ಕೋರಿಕೆ: ತಾಯಿ ಕಾರ್ಡಿನಲ್ಲಿ ತಂದೆಯ ಔಷಧಿ ಮತ್ತು ಉದ್ಯೋಗಕ್ಕೆಂದು ಎರಡು ಸಾಲು ಸೇರಿಸಿ, ಆಶಾ ಕಾರ್ಯಕರ್ತೆಯರು ಅದನ್ನು ಕೇಳಿ ಬರೆದುಕೊಳ್ಳುವಂತಾಗಲಿ.